ಚೆನ್ನಾಗಿದೆ, ಚೆನ್ನಾಗಿಲ್ಲ, ಅರ್ಥವಾಗಲಿಲ್ಲ... ಒಂದು ಬಡ ಕೌಬಾಯ್ ಸಿನಿಮಾ ಮತ್ತು ಅದರ ಪ್ರೇಕ್ಷಕರು

ಶೂಟಿಂಗ್ ಅಂದ ಕೂಡಲೇ ನಮ್ಮ ಕಡೆ ನೆನಪಾಗೋದು ಸಿನಿಮಾ ಶೂಟಿಂಗು. ಕ್ಯಾಮೆರಾ, ದೊಡ್ಡ ಛತ್ರಿ, ಸುತ್ತ ನೆರೆದ ಜನ. ಆದರೆ ಇವತ್ತು ನಾನು ಹೇಳಹೊರಟಿರುವ 'ದಿ ಶೂಟಿಂಗ್' ಗುಂಡು ಹಾರಿಸುವ ಶೂಟಿಂಗು. 1965ರಲ್ಲಿ ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ತೆಗೆದ, 82 ನಿಮಿಷದ ಒಂದು ಕೌಬಾಯ್ ಸಿನಿಮಾ. ನಿರ್ದೇಶಕ ಮಾಂಟಿ ಹೆಲ್ಮನ್. ಖರ್ಚು ಸುಮಾರು 75,000 ಡಾಲರ್. ಆ ಕಾಲಕ್ಕೂ ಅದು ಅಮೆರಿಕದ ಲೆಕ್ಕದಲ್ಲಿ ಚಿಲ್ಲರೆ ಕಾಸೇ. ಅದಕ್ಕೂ ಮೂರು ವರ್ಷ ಹಿಂದೆ, 1962ರಲ್ಲಿ ಬಂದ 'ಹೌ ದ ವೆಸ್ಟ್ ವಾಸ್ ವನ್' ಎಂಬ ಭಾರಿ ಕೌಬಾಯ್ ಚಿತ್ರಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು ಅಂದರೆ ನೀವೇ ಅಂದಾಜು ಮಾಡಿಕೊಳ್ಳಿ.

ಈ 'ಶೂಟಿಂಗ್' ನೋಡಿದವರನ್ನು ಹೇಗಿದೆ ಅಂತ ಕೇಳಿದರೆ ಮೂರು ಥರದ ಉತ್ತರ ಬರುತ್ತೆ. ಒಂದು ಗುಂಪು, ಇದು ಕೌಬಾಯ್ ಚಿತ್ರಗಳಲ್ಲೇ ಶ್ರೇಷ್ಠವಾದದ್ದು ಅನ್ನುತ್ತೆ. ಎರಡನೆಯ ಗುಂಪು, ಬಿಸಿಲಲ್ಲಿ ನಾಲ್ಕು ಜನ ಕುದುರೆ ಮೇಲೆ ಹೋಗ್ತಾನೇ ಇರ್ತಾರೆ, ಕೊನೆಗೆ ದುಡ್ಡು ಮುಗಿದಿದೆ, ಸಿನಿಮಾನೂ ಮುಗಿದಿದೆ, ಅಷ್ಟೇ ಅನ್ನುತ್ತೆ. ಮೂರನೆಯವರು ಪ್ರಾಮಾಣಿಕರು, ಅರ್ಥವಾಗಲಿಲ್ಲ ಅಂತಾರೆ.

ಒಂದೇ ಸಿನಿಮಾಕ್ಕೆ ಇಷ್ಟು ದೂರದೂರದ ಅಭಿಪ್ರಾಯ ಯಾಕೆ? 'ಲೋಕೋ ಭಿನ್ನರುಚಿಃ' ಅಂದು ಕೈತೊಳೆದುಕೊಳ್ಳೋದು ಸುಲಭ. ಆದರೆ ಈ ಚಿತ್ರದ ವಿಷಯದಲ್ಲಿ ಅಷ್ಟೇ ಅಲ್ಲ ಅಂತ ನನಗನ್ನಿಸುತ್ತೆ. ಇಲ್ಲಿ ಒಂದೊಂದು ಅಭಿಪ್ರಾಯಕ್ಕೂ ಒಂದು ಊರು, ಒಂದು ವರ್ಷ, ಒಂದು ಪ್ರಿಂಟ್ ಇದೆ. ಯಾರು ಎಲ್ಲಿ, ಯಾವ ಪರದೆಯ ಮೇಲೆ ನೋಡಿದರು ಅನ್ನೋದರ ಮೇಲೆ ಅವರಿಗೆ ಏನನ್ನಿಸಿತು ಅನ್ನೋದು ನಿಂತಿದೆ. ಅದನ್ನೇ ಸ್ವಲ್ಪ ವಿವರವಾಗಿ ಹೇಳೋಣ ಅಂತ.

(ಕಥೆಯನ್ನು ಕೊನೆಯವರೆಗೂ ಹೇಳಿದ್ದೇನೆ. ಮೊದಲು ಸಿನಿಮಾ ನೋಡಬೇಕು ಅನ್ನುವವರು ನೋಡಿಕೊಂಡೇ ಬನ್ನಿ.)

ಒಂದರ ಜೊತೆ ಇನ್ನೊಂದು

ಮಾಂಟಿ ಹೆಲ್ಮನ್ ನಾಟಕದಿಂದ ಬಂದ ಮನುಷ್ಯ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಯಾಮುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ನಾಟಕ ಆಡಿಸಿದ್ದರು. ಅದನ್ನೂ ಕೌಬಾಯ್ ರೀತಿಯಲ್ಲಿ! ನಾಟಕದ ಪೊಟ್ಸೊ ಅಲ್ಲಿ ಟೆಕ್ಸಸ್‌ನ ದನಗಾವಲಿನ ಸಾಹುಕಾರ. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಆಮೇಲೆ ಹೆಲ್ಮನ್ ಸಿನಿಮಾಕ್ಕೆ ಬಂದದ್ದು ರೋಜರ್ ಕಾರ್ಮನ್ ಅವರ ಕಡೆಯಿಂದ. ಕಾರ್ಮನ್ ಗೊತ್ತಲ್ಲ, ಕಡಿಮೆ ದುಡ್ಡು, ಕಡಿಮೆ ದಿನದಲ್ಲಿ ಸಿನಿಮಾ ಮಾಡಿ ಮುಗಿಸೋದರಲ್ಲಿ ಹಾಲಿವುಡ್‌ನಲ್ಲಿ ಅವರನ್ನು ಮೀರಿಸಿದವರಿಲ್ಲ. 2024ರಲ್ಲಿ ತೀರಿಕೊಂಡರು.

1964ರಲ್ಲಿ ಹೆಲ್ಮನ್ ಮತ್ತು ಜ್ಯಾಕ್ ನಿಕಲ್ಸನ್ ಫಿಲಿಪ್ಪೀನ್ಸ್‌ಗೆ ಹೋಗಿ ಬೆನ್ನುಬೆನ್ನಿಗೇ ಎರಡು ಸಣ್ಣ ಚಿತ್ರ ಮಾಡಿಕೊಂಡು ಬಂದರು. ಆಗ ನಿಕಲ್ಸನ್ ಇನ್ನೂ ದೊಡ್ಡ ಹೆಸರಲ್ಲ. ಸಣ್ಣಪುಟ್ಟ ಪಾತ್ರ ಮಾಡುತ್ತಾ, ಚಿತ್ರಕಥೆ ಬರೆಯುತ್ತಾ ದಿನ ತಳ್ಳುತ್ತಿದ್ದ ನಟ. ವಾಪಸು ಬಂದ ಮೇಲೆ ಇಬ್ಬರೂ ಸೇರಿ ಗರ್ಭಪಾತದ ವಿಷಯ ಇಟ್ಟುಕೊಂಡು ಒಂದು ಚಿತ್ರಕಥೆ ಮಾಡಿ ಕಾರ್ಮನ್‌ಗೆ ತೋರಿಸಿದರು. ಕಾರ್ಮನ್‌ಗೆ ಅದು ಬೇಡವಾಯಿತು. ಅದರ ಬದಲು ಒಂದು ಕೌಬಾಯ್ ಚಿತ್ರ ಮಾಡಿ ಅಂದರು. ಇವರು ಸರಿ ಅಂದ ಮೇಲೆ, ಹೇಗಿದ್ದರೂ ಒಂದು ಮಾಡ್ತೀರಿ, ಅದರ ಜೊತೆಗೇ ಇನ್ನೊಂದನ್ನೂ ಮಾಡಿಬಿಡಿ ಅಂದರು. ವ್ಯಾಪಾರಿ ಲೆಕ್ಕ ನೋಡಿ. ಕುದುರೆ ಬಾಡಿಗೆ, ಜನರ ಪ್ರಯಾಣ, ಊಟ, ವಸತಿ ಎಲ್ಲಾ ಒಮ್ಮೆ ಖರ್ಚು ಮಾಡಿದರೆ ಎರಡು ಸಿನಿಮಾ ಕೈಗೆ ಬರುತ್ತೆ.

ಹಾಗೆ ಹುಟ್ಟಿದ ಅವಳಿಗಳು 'ದಿ ಶೂಟಿಂಗ್' ಮತ್ತು 'ರೈಡ್ ಇನ್ ದ ವರ್ಲ್‌ವಿಂಡ್'. ಎರಡನೆಯದನ್ನು ನಿಕಲ್ಸನ್ ತಾವೇ ಬರೆದರು. ಮೊದಲನೆಯದನ್ನು ಬರೆದದ್ದು ಕ್ಯಾರಲ್ ಈಸ್ಟ್‌ಮನ್ ಎಂಬ ಮಹಿಳೆ, ಏಡ್ರಿಯನ್ ಜಾಯ್ಸ್ ಎಂಬ ಗುಪ್ತನಾಮದಲ್ಲಿ. ಮುಂದೆ 1970ರಲ್ಲಿ ಇದೇ ಹೆಸರಿನಲ್ಲಿ 'ಫೈವ್ ಈಸಿ ಪೀಸಸ್' ಬರೆದು ಆಸ್ಕರ್‌ಗೆ ನಾಮಕರಣವಾದವರು ಇವರೇ. ಚಿತ್ರೀಕರಣಕ್ಕೆ ಆರಿಸಿಕೊಂಡದ್ದು ಯೂಟಾದ ಕನಾಬ್ ಎಂಬ ಊರಿನ ಸುತ್ತಮುತ್ತ. 1920ರ ದಶಕದಿಂದಲೂ ಕೌಬಾಯ್ ಚಿತ್ರದವರು ಬಂದು ಹೋಗಿ 'ಪುಟ್ಟ ಹಾಲಿವುಡ್' ಅಂತಲೇ ಹೆಸರಾದ ಊರು ಅದು. ಒಂದೊಂದು ಚಿತ್ರಕ್ಕೆ ಸುಮಾರು ಮೂರು ವಾರ. ನಿರ್ಮಾಪಕರು ಅಂತ ಹೆಲ್ಮನ್ ಮತ್ತು ನಿಕಲ್ಸನ್ ಹೆಸರು. ದುಡ್ಡಿನ ಹಿಂದೆ ಇದ್ದ ಕಾರ್ಮನ್ ಹೆಸರು ಪರದೆ ಮೇಲೆ ಇಲ್ಲ.

ಕಥೆ ಏನು?

ವಿಲೆಟ್ ಗ್ಯಾಷೇಡ್ (ವಾರನ್ ಓಟ್ಸ್) ಒಂದು ಕಾಲಕ್ಕೆ ಬಹುಮಾನದ ಹಣಕ್ಕಾಗಿ ಅಪರಾಧಿಗಳನ್ನು ಹಿಡಿದುಕೊಡುತ್ತಿದ್ದವನು. ಈಗ ಗಣಿ ಅಗೆದುಕೊಂಡಿದ್ದಾನೆ. ಎಲ್ಲಿಗೋ ಹೋಗಿ ತನ್ನ ಬಿಡಾರಕ್ಕೆ ವಾಪಸು ಬಂದಾಗ ಜೊತೆಗಾರರಲ್ಲಿ ಒಬ್ಬ ಗುಂಡೇಟಿಗೆ ಸತ್ತು ಮಣ್ಣಾಗಿದ್ದಾನೆ. ತಮ್ಮ ಕಾಯ್ನ್ ಓಡಿಹೋಗಿದ್ದಾನೆ. ಉಳಿದವನು ಕೋಲಿ (ವಿಲ್ ಹಚಿನ್ಸ್), ಸ್ವಲ್ಪ ಪೆದ್ದ, ಒಳ್ಳೆಯ ಮನಸ್ಸಿನವನು, ಭಯದಿಂದ ನಡುಗ್ತಿದ್ದಾನೆ. ಪೇಟೆಯಲ್ಲಿ ಕುದುರೆ ಕಾಲಿಗೆ ಸಿಕ್ಕಿ ಯಾರೋ ಸತ್ತರಂತೆ, ಬಹುಶಃ ಒಂದು ಮಗು. ಅದಕ್ಕೂ ಕಾಯ್ನ್‌ಗೂ ಏನೋ ಸಂಬಂಧ. ಇಷ್ಟು ಮಾತ್ರ ಕೋಲಿಯ ಬಾಯಿಂದ ಬಿಟ್ಟುಬಿಟ್ಟು ಬರುತ್ತೆ.

ಅಷ್ಟರಲ್ಲಿ ಒಬ್ಬ ಹೆಂಗಸು (ಮಿಲ್ಲಿ ಪರ್ಕಿನ್ಸ್) ಬರ್ತಾಳೆ. ಹೆಸರು ಹೇಳುವುದಿಲ್ಲ, ಸಿನಿಮಾ ಮುಗಿದರೂ ಗೊತ್ತಾಗುವುದಿಲ್ಲ. ಕುದುರೆಗೆ ಪೆಟ್ಟಾಯಿತು ಅಂತ ಕೊಂದೆ ಅಂತಾಳೆ. ಗ್ಯಾಷೇಡ್ ಹೋಗಿ ನೋಡಿದರೆ ಕುದುರೆಗೆ ಏನೂ ಆಗಿರಲಿಲ್ಲ. ಕಿಂಗ್ಸ್ಲಿ ಅನ್ನುವ ಊರಿಗೆ ಕರೆದುಕೊಂಡು ಹೋದರೆ ಸಾವಿರ ಡಾಲರ್ ಕೊಡ್ತೀನಿ ಅಂತಾಳೆ. ಮೂವರೂ ಹೊರಡ್ತಾರೆ. ಅವಳಿಗೆ ಬೇಕಿರುವುದು ಆ ಊರಲ್ಲ, ಯಾರದೋ ಬೆನ್ನು ಹತ್ತಿದ್ದಾಳೆ ಅನ್ನೋದು ನಿಧಾನಕ್ಕೆ ತಿಳಿಯುತ್ತೆ. ದಾರಿಯ ಮಧ್ಯೆ ಕಪ್ಪು ಬಟ್ಟೆಯ ಬಿಲ್ಲಿ ಸ್ಪಿಯರ್ (ನಿಕಲ್ಸನ್) ಎಂಬ ಬಾಡಿಗೆ ಕೊಲೆಗಾರ ಸೇರಿಕೊಳ್ತಾನೆ.

ಆಮೇಲೆ ಮರುಭೂಮಿ. ನೀರು ಮುಗಿಯುತ್ತೆ, ಕುದುರೆ ಬೀಳುತ್ತೆ, ಕೋಲಿಯನ್ನು ದಾರಿಯಲ್ಲೇ ಬಿಟ್ಟು ಹೋಗ್ತಾರೆ. ಕಾಲು ಮುರಿದುಕೊಂಡು ಬಿಸಿಲಲ್ಲಿ ಕೂತಿರುವ ಗಡ್ಡದವನೊಬ್ಬ ಸಿಗ್ತಾನೆ. ಅವನ ಕುದುರೆ ಏರಿ ಕೋಲಿ ಮತ್ತೆ ಇವರನ್ನು ಹುಡುಕಿಕೊಂಡು ಬಂದರೆ ಸ್ಪಿಯರ್ ಗುಂಡು ಹಾರಿಸಿ ಕೊಲ್ತಾನೆ. ಗ್ಯಾಷೇಡ್ ಆ ಸುಡುಬಿಸಿಲಲ್ಲಿ ಅವನನ್ನು ಮಣ್ಣು ಮಾಡ್ತಾನೆ. ಕೊನೆಗೆ ಸ್ಪಿಯರ್ ಜೊತೆ ಹೊಡೆದಾಡಿ, ಅವನ ಗುಂಡು ಹೊಡೆಯುವ ಕೈಯನ್ನು ಕಲ್ಲಿನಿಂದ ಜಜ್ಜಿಬಿಡ್ತಾನೆ. ಅಷ್ಟು ಹೊತ್ತಿಗೆ ಹೆಂಗಸು ಬಂಡೆ ಹತ್ತಿ ಯಾರ ಹಿಂದೆಯೋ ಓಡಿದ್ದಾಳೆ. ಮೇಲಿದ್ದವನು ತಿರುಗ್ತಾನೆ. ಅವನ ಮುಖ... ಗ್ಯಾಷೇಡ್‌ನದೇ ಮುಖ! ತಮ್ಮ ಕಾಯ್ನ್, ಅವಳಿ. ಆ ಪಾತ್ರವೂ ವಾರನ್ ಓಟ್ಸ್‌ನದೇ. ಗುಂಡುಗಳು ಹಾರುತ್ತವೆ, ಚಿತ್ರ ನಿಧಾನವಾಗಿ ತಡೆತಡೆದು ಸಾಗುತ್ತೆ, ಗ್ಯಾಷೇಡ್ ಬಾಯಲ್ಲಿ ತಮ್ಮನ ಹೆಸರು. ಅತ್ತ ಸ್ಪಿಯರ್ ಮುರಿದ ಕೈ ಹಿಡಿದುಕೊಂಡು ಬಿಸಿಲಲ್ಲಿ ತೂರಾಡ್ತಿದ್ದಾನೆ. ಅಲ್ಲಿಗೆ ಮುಗಿಯಿತು.

ದುಡ್ಡಿಲ್ಲದ್ದಕ್ಕಾ, ಬೇಕೆಂದೇನಾ?

ಇಂಥ ಬಡ ಸಿನಿಮಾಗಳ ಬಗ್ಗೆ ಮಾತಾಡುವಾಗ ಎರಡು ಕಡೆಯವರೂ ಒಂದೇ ಜಾಗದಲ್ಲಿ ಎಡವುತ್ತಾರೆ ಅಂತ ನನಗನ್ನಿಸುತ್ತೆ. ಇಷ್ಟವಾಗದವರು ಕಂಡದ್ದನ್ನೆಲ್ಲಾ ದುಡ್ಡಿನ ಕೊರತೆ ಅಂತಾರೆ. ಇಷ್ಟವಾದವರು ಕಂಡದ್ದನ್ನೆಲ್ಲಾ ಕಲೆ ಅಂತಾರೆ. ಆದರೆ ಎರಡನ್ನೂ ಬಿಡಿಸಿ ನೋಡೋದು ಅಷ್ಟೇನೂ ಕಷ್ಟವಲ್ಲ.

ಪಾತ್ರಗಳು ಬೆರಳೆಣಿಕೆಯಷ್ಟು, ದೊಡ್ಡ ಪೇಟೆಯಿಲ್ಲ, ಸಲೂನ್ ಇಲ್ಲ, ಜನಜಂಗುಳಿಯಿಲ್ಲ. ಇದು ದುಡ್ಡಿನ ವಿಷಯ. ಛಾಯಾಗ್ರಾಹಕ ಗ್ರೆಗರಿ ಸ್ಯಾಂಡರ್ ಬಿಸಿಲನ್ನೇ ನಂಬಿಕೊಂಡು ಚಿತ್ರೀಕರಿಸಿದ್ದು, ಅದೂ ದುಡ್ಡಿನ ವಿಷಯವೇ. ದೀಪ ತರುವುದಕ್ಕೆ, ಹಿಡಿಯುವುದಕ್ಕೆ ಜನ ಬೇಕು, ಜನಕ್ಕೆ ಸಂಬಳ ಬೇಕು. ಆದರೆ ಆ ಬಿಸಿಲೇ ಆಮೇಲೆ ಕಥೆಯ ಮುಖ್ಯ ಪಾತ್ರದ ಹಾಗೆ ಆಯಿತು. ಮಧ್ಯಾಹ್ನದ ಬೆಳಕಲ್ಲಿ ಮುಖಗಳು ಬಿಳಿಚಿಕೊಂಡು, ನೆರಳು ಕಪ್ಪಾಗಿ ಬಿದ್ದು, ನೋಡುವವರಿಗೂ ಬಾಯಾರಿಕೆ ಆಗುತ್ತೆ.

ಇನ್ನು ಹೆಂಗಸಿಗೆ ಹೆಸರಿಲ್ಲ, ಅವಳು ಯಾಕೆ ಬೆನ್ನು ಹತ್ತಿದ್ದಾಳೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸತ್ತದ್ದು ಅವಳ ಮಗುವೇ? ಇರಬಹುದು. ಇದು ದುಡ್ಡಿಲ್ಲದೆ ಆದದ್ದಲ್ಲ. ಒಂದು ಸಾಲು ಮಾತಿಗೆ ಎಷ್ಟು ಖರ್ಚಾಗುತ್ತೆ ಹೇಳಿ? ಅದಕ್ಕಿಂತ ಅಗ್ಗದ್ದು ಸಿನಿಮಾದಲ್ಲಿ ಇನ್ನೊಂದಿಲ್ಲ. ಈಸ್ಟ್‌ಮನ್ ಬರೆದ ಚಿತ್ರಕಥೆಯ ಮೊದಲ ಕೆಲವು ಪುಟಗಳಲ್ಲಿ ಹಿನ್ನೆಲೆಯ ವಿವರಣೆ ಇತ್ತು. ಹೆಲ್ಮನ್ ಅವನ್ನೇ ತೆಗೆದುಹಾಕಿದರು. ಅಂದರೆ ಕಥೆಯನ್ನು ಬಿಡಿಸಿ ಹೇಳದೇ ಇದ್ದದ್ದು ಪೂರಾ ಬೇಕೆಂದೇ ಮಾಡಿದ್ದು. 'ದುಡ್ಡು ಮುಗಿಯಿತು, ಸಿನಿಮಾ ಮುಗಿಯಿತು' ಅನ್ನುವ ಮಾತು ಕ್ಲೈಮ್ಯಾಕ್ಸ್‌ನ ವಿಷಯದಲ್ಲಿ ನಿಲ್ಲುವುದಿಲ್ಲ. ಒಬ್ಬನೇ ನಟನಿಂದ ಎರಡು ಪಾತ್ರ ಮಾಡಿಸಿ, ಕೊನೆಯ ಚಿತ್ರಿಕೆಗಳನ್ನು ನಿಧಾನಗೊಳಿಸಿ, ಕತ್ತರಿಸಿ ಜೋಡಿಸುವುದು ಆತುರದಲ್ಲಿ ಕಟ್ಟಿ ಮುಗಿಸುವವರ ಕೆಲಸವಲ್ಲ.

ಮಾಡಿದವರ ಉದ್ದೇಶ ಇದು. ಆದರೆ ಉದ್ದೇಶ ಪ್ರೇಕ್ಷಕರವರೆಗೆ ತಲುಪಬೇಕಲ್ಲ? ತಲುಪುವ ಕಥೆ ಸಿನಿಮಾದ ಕಥೆಗಿಂತ ಸ್ವಾರಸ್ಯವಾಗಿದೆ.

ಪ್ಯಾರಿಸ್‌ನ ಅಭಿಪ್ರಾಯ

ಅಮೆರಿಕದಲ್ಲಿ ಚಿತ್ರಕ್ಕೆ ಸರಿಯಾದ ಹಂಚಿಕೆದಾರರು ಸಿಗಲಿಲ್ಲ. ನಿಕಲ್ಸನ್ ರೀಲು ಡಬ್ಬಗಳನ್ನು ತಾವೇ ಹೊತ್ತುಕೊಂಡು ಫ್ರಾನ್ಸ್‌ನ ಕಾನ್ ಚಿತ್ರೋತ್ಸವಕ್ಕೆ ಹೋದರು. ಅಲ್ಲಿ ಸ್ಪರ್ಧೆಯ ಹೊರಗೆ ಎರಡೂ ಚಿತ್ರಗಳನ್ನು ತೋರಿಸಿದರು, ನೋಡಿದವರು ಮೆಚ್ಚಿಕೊಂಡರು. ಫ್ರಾನ್ಸ್‌ನ ಹಕ್ಕುಗಳನ್ನು ಕೊಂಡ ನಿರ್ಮಾಪಕ ದಿವಾಳಿ ಎದ್ದ. ಪ್ರಿಂಟುಗಳು ಪ್ಯಾರಿಸ್‌ನ ವಿಮಾನನಿಲ್ದಾಣದ ಉಗ್ರಾಣದಲ್ಲಿ ಸಿಕ್ಕಿಹಾಕಿಕೊಂಡು ಎರಡು ವರ್ಷದ ಹತ್ತಿರ ಅಲ್ಲೇ ಬಿದ್ದಿದ್ದವು. ಸುಡುಬಿಸಿಲಲ್ಲಿ ತೆಗೆದ ಸಿನಿಮಾಕ್ಕೆ ಎರಡು ವರ್ಷ ಕತ್ತಲೆಕೋಣೆಯ ವಾಸ!

1968ರ ಹೊತ್ತಿಗೆ ಹೆಲ್ಮನ್ ಹಕ್ಕುಗಳನ್ನು ವಾಪಸು ಪಡೆದು ಪ್ಯಾರಿಸ್‌ನ ಟಾಕೀಸುಗಳಲ್ಲಿ ತೋರಿಸುವ ಏರ್ಪಾಡು ಮಾಡಿದರು. ಅಲ್ಲಿನ ಸಿನಿಮಾ ಹುಚ್ಚಿನವರು ಮುಗಿಬಿದ್ದು ನೋಡಿದರು. 'ಶ್ರೇಷ್ಠ' ಅನ್ನುವ ಮೊದಲ ಗುಂಪಿನ ಅಭಿಪ್ರಾಯ ಹುಟ್ಟಿದ್ದು ಇಲ್ಲಿ.

ಪ್ಯಾರಿಸ್ಸೇ ಯಾಕೆ? ಇದು ಸುಮ್ಮನೆ ಆದದ್ದಲ್ಲ. ಅಮೆರಿಕದ ಸಣ್ಣ ಬಜೆಟ್ಟಿನ ಕೌಬಾಯ್ ಚಿತ್ರಗಳನ್ನು ಗಂಭೀರವಾಗಿ ನೋಡುವ ಅಭ್ಯಾಸ ಅಲ್ಲಿ ಆಗಲೇ ಹತ್ತು ವರ್ಷದಿಂದ ಇತ್ತು. ಆಂದ್ರೆ ಬಾಜಿನ್ ಎಂಬ ದೊಡ್ಡ ವಿಮರ್ಶಕ 1957ರಲ್ಲೇ ಬಡ್ ಬೆಟ್ಟಿಕರ್‌ನ 'ಸೆವೆನ್ ಮೆನ್ ಫ್ರಮ್ ನೌ' ಎಂಬ ಸಣ್ಣ ಕೌಬಾಯ್ ಚಿತ್ರವನ್ನು ಹೊಗಳಿ ಬರೆದಿದ್ದ. ತಮ್ಮ ದೇಶದಲ್ಲಿ ಲೆಕ್ಕಕ್ಕಿಲ್ಲದ ನಿರ್ದೇಶಕರು ಫ್ರೆಂಚ್ ಪತ್ರಿಕೆಗಳಲ್ಲಿ ಕಲಾವಿದರಾಗಿದ್ದರು. ಇನ್ನೊಂದು ಕಾರಣ, ಗೋಡೋ ನಾಟಕ ಮೊದಲು ರಂಗಕ್ಕೆ ಬಂದದ್ದೇ ಪ್ಯಾರಿಸ್‌ನಲ್ಲಿ, 1953ರಲ್ಲಿ. ಕಾರಣ ಹೇಳದೆ ನಡೆಯುವ, ಕಾಯುವ, ಜಗಳವಾಡುವ ಪಾತ್ರಗಳು ಆ ಊರಿನ ಪ್ರೇಕ್ಷಕರಿಗೆ ಹೊಸದಾಗಿರಲಿಲ್ಲ. ಗೋಡೋವನ್ನು ಕೌಬಾಯ್ ಮಾಡಿದ್ದ ಹೆಲ್ಮನ್, ಈಗ ಕೌಬಾಯ್ ಚಿತ್ರವನ್ನೇ ಗೋಡೋ ಹತ್ತಿರಕ್ಕೆ ತಂದಿದ್ದರು. ಪ್ಯಾರಿಸ್‌ನವರಿಗೆ ಅದನ್ನು ಇಟ್ಟುಕೊಳ್ಳುವುದಕ್ಕೆ ಮನಸ್ಸಿನಲ್ಲಿ ಒಂದು ಗೂಡು ಮೊದಲೇ ಇತ್ತು. ಇದಕ್ಕೆ ಜೊತೆಯಾಗಿ ಕತ್ತಲೆಯ ಸಭಾಂಗಣ, ದೊಡ್ಡ ಪರದೆ, ಒಳ್ಳೆಯ ಪ್ರಿಂಟ್. ಇದನ್ನು ಮರೆಯಬಾರದು.

ಅಮೆರಿಕದ ನಡುಮನೆಯ ಅಭಿಪ್ರಾಯ

ಅದೇ 1968ರಲ್ಲಿ ವಾಲ್ಟರ್ ರೀಡ್ ಎಂಬ ಹಂಚಿಕೆ ಸಂಸ್ಥೆ ಅಮೆರಿಕದ ಹಕ್ಕುಗಳನ್ನು ಕೊಂಡಿತು. ಕೊಂಡದ್ದೇ ಟಾಕೀಸಿಗೆ ಬಿಡದೆ ನೇರವಾಗಿ ಟೀವಿಗೆ ಮಾರಿಬಿಟ್ಟಿತು. ಮುಂದೆ ನಿಕಲ್ಸನ್ ಹೆಸರು ಮಾಡಿದ ಮೇಲೆ ಒಂದಿಷ್ಟು ಟಾಕೀಸುಗಳಲ್ಲಿ ಬಂದರೂ, ತನ್ನ ನಾಡಿನಲ್ಲಿ ಈ ಚಿತ್ರ ಮೊದಲು ಸಾಮಾನ್ಯ ಜನರ ಕಣ್ಣಿಗೆ ಬಿದ್ದದ್ದು ಟೀವಿ ಪೆಟ್ಟಿಗೆಯಲ್ಲೇ.

ಆ ಪ್ರೇಕ್ಷಕರ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ಅವರಿಗೆ ಟೀವಿಯಲ್ಲಿ ಕೌಬಾಯ್ ಅಂದರೆ 'ಗನ್‌ಸ್ಮೋಕ್' (1955ರಿಂದ 1975), 'ಬೊನಾಂಜಾ' (1959ರಿಂದ 1973). ಪ್ರತಿವಾರ ಒಂದು ತಂಟೆ, ಒಬ್ಬ ಕೆಟ್ಟವನು, ಕೊನೆಗೆ ನ್ಯಾಯ. ಇಲ್ಲಿ ಕೋಲಿಯಾಗಿ ನಟಿಸಿದ ವಿಲ್ ಹಚಿನ್ಸ್ ಅವರಿಗೆ ಮನೆಮಗನಿದ್ದ ಹಾಗೆ. 1957ರಿಂದ 1961ರವರೆಗೆ 'ಶುಗರ್‌ಫುಟ್' ಎಂಬ ಟೀವಿ ಕೌಬಾಯ್ ಸರಣಿಯ ನಾಯಕ ಅವನೇ. ಮಿಲ್ಲಿ ಪರ್ಕಿನ್ಸ್ ಅಂತೂ 1959ರಲ್ಲಿ ಆನ್ ಫ್ರಾಂಕ್ ಪಾತ್ರ ಮಾಡಿದ ಹುಡುಗಿ. ಈಗ ನೋಡಿದರೆ ಆ ಹುಡುಗಿ ಕಾರಣವಿಲ್ಲದೆ ಕುದುರೆ ಕೊಲ್ತಾಳೆ, ಕಿರುಚುತ್ತಾಳೆ. ಆ ಹೀರೋ ಮರಳಲ್ಲಿ ಸಾಯ್ತಾನೆ, ಅವನ ಸಾವಿಗೆ ಯಾರಿಗೂ ಶಿಕ್ಷೆ ಆಯಿತು ಅಂತ ಸಮಾಧಾನವೂ ಇಲ್ಲ. ಮಧ್ಯೆ ಮಧ್ಯೆ ಜಾಹೀರಾತು. ಒಂದು ಜಾಹೀರಾತಿನ ಹೊತ್ತಿಗೆ ಅಡುಗೆಮನೆಗೆ ಎದ್ದು ಹೋಗಿ ಬಂದವನಿಗೆ ಕಥೆಯ ಎಳೆ ಸಿಕ್ಕುವ ಸಾಧ್ಯತೆಯೇ ಕಡಿಮೆ. ಯಾಕೆಂದರೆ ಹೇಳುವುದನ್ನೆಲ್ಲಾ ಸಿನಿಮಾ ಒಂದೊಂದೇ ಸಲ, ಅದೂ ಗೊಣಗಿದ ಹಾಗೆ ಹೇಳುತ್ತೆ.

ಎಲ್ಲಕ್ಕಿಂತ ಮುಖ್ಯ, ಕ್ಲೈಮ್ಯಾಕ್ಸ್. ಇಡೀ ಸಿನಿಮಾ ನಿಂತಿರುವುದು ಕೊನೆಯ ಕೆಲವೇ ಕ್ಷಣಗಳಲ್ಲಿ ಕಾಣುವ ಒಂದು ಮುಖದ ಮೇಲೆ. ಬಂಡೆಯ ಮೇಲಿನವನ ಮುಖವೂ ಗ್ಯಾಷೇಡ್ ಮುಖವೂ ಒಂದೇ ಅಂತ ನಿಮಗೆ ಗೊತ್ತಾಗಲೇಬೇಕು. ಯಾರೂ ಬಂದು ವಿವರಿಸುವುದಿಲ್ಲ. ಕಣ್ಣಿಗೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಸಣ್ಣ ಟೀವಿ ಪರದೆಯಲ್ಲಿ, ಮಂಕಾದ ಪ್ರಿಂಟಲ್ಲಿ, ದೂರದ ಬಂಡೆ ಮೇಲಿನ ಗಡ್ಡಮೀಸೆಯ ಮುಖ ಯಾರದ್ದಾದರೂ ಆಗಬಹುದು. ಮುಖ ಗುರುತಾಗದಿದ್ದರೆ ಯಾರೋ ಯಾರನ್ನೋ ಕೊಂದರು, ಸಿನಿಮಾ ಮುಗಿಯಿತು ಅಷ್ಟೇ. 'ಅರ್ಥವಾಗಲಿಲ್ಲ' ಅನ್ನುವ ಮೂರನೆಯ ಗುಂಪಿನ ಅಭಿಪ್ರಾಯದ ಒಂದು ದೊಡ್ಡ ಪಾಲು ಇಲ್ಲಿ ಹುಟ್ಟಿದೆ ಅನ್ನೋದು ನನ್ನ ವಾದ. ಅವರಿಗೆ ಬುದ್ಧಿ ಕಮ್ಮಿಯಾಗಿರಲಿಲ್ಲ, ಅವರಿಗೆ ಕಾಣಲಿಲ್ಲ!

ನಿಕಲ್ಸನ್ ಮುಖದ ಡಬ್ಬಿ

1969ರಲ್ಲಿ 'ಈಸಿ ರೈಡರ್' ಬಂತು. ನಿಕಲ್ಸನ್‌ಗೆ ಆಸ್ಕರ್ ನಾಮಕರಣ. ಮುಂದಿನ ಹತ್ತು ವರ್ಷದಲ್ಲಿ ಅವರು ಎಲ್ಲಿಗೆ ಏರಿದರು ಅಂತ ಹೇಳಬೇಕಿಲ್ಲ. ವಿಡಿಯೋ ಕ್ಯಾಸೆಟ್ಟಿನ ಕಾಲ ಬಂದಾಗ 'ದಿ ಶೂಟಿಂಗ್' ಅಗ್ಗದ ಟೇಪುಗಳಲ್ಲಿ, ಆಮೇಲೆ ಅಗ್ಗದ ಡಿಸ್ಕುಗಳಲ್ಲಿ ಬಂತು. ಹೊದಿಕೆಯಲ್ಲಿ ಮಿಂಚುತ್ತಿದ್ದದ್ದು ನಿಕಲ್ಸನ್.

ಆದರೆ ಈ ಸಿನಿಮಾದಲ್ಲಿ ನಿಕಲ್ಸನ್ ಕಾಣಿಸಿಕೊಳ್ಳುವುದೇ ಕಥೆ ಸುಮಾರು ಅರ್ಧ ಸಾಗಿದ ಮೇಲೆ. ನಾಯಕ ವಾರನ್ ಓಟ್ಸ್. ಯಾವತ್ತೂ ದೊಡ್ಡ ಸ್ಟಾರ್ ಆಗದ, 1982ರಲ್ಲಿ ತೀರಿಕೊಂಡ ಅದ್ಭುತ ನಟ. ಹೊದಿಕೆ ನೋಡಿ ದುಡ್ಡು ಕೊಟ್ಟವರು ಹೀರೋ ಎಲ್ಲಿ ಅಂತ ಕಾದು ಕಾದು ಸುಸ್ತಾಗಿರಬೇಕು. ಬಂದಮೇಲೂ ಅವನು ಹಲ್ಲು ಕಿರಿದುಕೊಂಡು ಹೆದರಿಸುವ ಖಳ. ಎರಡನೆಯ ಗುಂಪಿನ ಸಿಟ್ಟಿನಲ್ಲಿ ಈ ಮೋಸಹೋದ ಭಾವನೆಯೂ ಸೇರಿದೆ. ಮೋಸ ಮಾಡಿದ್ದು ಮಾತ್ರ ಸಿನಿಮಾ ಅಲ್ಲ, ಅದರ ಡಬ್ಬಿ. ನಮ್ಮಲ್ಲೂ ಪೋಸ್ಟರಿನಲ್ಲಿ ದೊಡ್ಡದಾಗಿ ಅತಿಥಿನಟನ ಮುಖ ಹಾಕಿದ್ದು ನೋಡಿ ಒಳಗೆ ಹೋದವರ ಕಷ್ಟ ನಿಮಗೆ ಗೊತ್ತಲ್ಲ, ಅದೇ ಥರ.

ಇದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೆಯಿತು. 1981ರಲ್ಲಿ ಡ್ಯಾನಿ ಪಿಯರಿ ಎಂಬ ಲೇಖಕ 'ಕಲ್ಟ್ ಮೂವೀಸ್' ಎಂಬ ಪುಸ್ತಕದಲ್ಲಿ ನೂರು ಚಿತ್ರಗಳ ಬಗ್ಗೆ ಬರೆದ. ಅದರಲ್ಲಿ 'ದಿ ಶೂಟಿಂಗ್' ಕೂಡ ಒಂದು. 'ಆಸಿಡ್ ವೆಸ್ಟರ್ನ್' ಅಂತ ಒಂದು ಹಣೆಪಟ್ಟಿಯೂ ಚಲಾವಣೆಗೆ ಬಂತು. ಅಂದರೆ ಅಮಲಿನ ಕನಸಿನ ಹಾಗೆ ಸಾಗುವ ಕೌಬಾಯ್ ಚಿತ್ರ. ಪಾಲಿನ್ ಕೇಲ್ 1971ರಲ್ಲಿ 'ಎಲ್ ಟೋಪೊ' ಚಿತ್ರದ ವಿಮರ್ಶೆಯಲ್ಲಿ ಬಳಸಿದ ಈ ಮಾತನ್ನು 1990ರ ದಶಕದಲ್ಲಿ ಜೊನಾಥನ್ ರೋಸೆನ್‌ಬಾಮ್, ಜಿಮ್ ಜಾರ್ಮುಶ್‌ನ 'ಡೆಡ್ ಮ್ಯಾನ್' (1995) ಬಗ್ಗೆ ಬರೆಯುತ್ತಾ ಬೆಳೆಸಿದರು. ಹಿಂದಕ್ಕೆ ಹೋಗಿ ಆ ಸಾಲಿನ ಹಿರಿಯಣ್ಣನ ಜಾಗದಲ್ಲಿ ಹೆಲ್ಮನ್‌ನ ಈ ಚಿತ್ರವನ್ನೂ ಕೂರಿಸಿದರು.

ಹಣೆಪಟ್ಟಿಯಿಂದ ಅನುಕೂಲವೂ ಇದೆ, ತೊಂದರೆಯೂ ಇದೆ. ಏನು ನಿರೀಕ್ಷಿಸಬೇಕು, ಏನು ನಿರೀಕ್ಷಿಸಬಾರದು ಅಂತ ನೋಡುವವರಿಗೆ ಗೊತ್ತಾಗುತ್ತೆ. ಆದರೆ ಕೆಲವರು ಹಣೆಪಟ್ಟಿಯನ್ನೇ ಹೊಗಳುತ್ತಾರೆ. ನಮ್ಮಲ್ಲಿ 'ಆರ್ಟ್ ಪಿಕ್ಚರ್' ಅನ್ನುವ ಮಾತು ಒಬ್ಬರ ಬಾಯಲ್ಲಿ ಬಿರುದು, ಇನ್ನೊಬ್ಬರ ಬಾಯಲ್ಲಿ ಬೈಗುಳ ಆಗುತ್ತಲ್ಲ, ಹಾಗೇ ಇದೂ. ಎರಡು ಕಡೆಯವರೂ ಸಿನಿಮಾ ನೋಡುವ ಮೊದಲೇ ಅಭಿಪ್ರಾಯ ರೆಡಿ ಮಾಡಿಟ್ಟುಕೊಂಡಿರ್ತಾರೆ.

ಅವಳಿಯನ್ನು ಪಕ್ಕದಲ್ಲಿಟ್ಟು ನೋಡಿದರೆ...

2014ರಲ್ಲಿ ಕ್ರೈಟೀರಿಯನ್ ಸಂಸ್ಥೆ ಎರಡೂ ಚಿತ್ರಗಳನ್ನು ಹೆಲ್ಮನ್ ಉಸ್ತುವಾರಿಯಲ್ಲೇ 4ಕೆ ಗುಣಮಟ್ಟದಲ್ಲಿ ಜೀರ್ಣೋದ್ಧಾರ ಮಾಡಿಸಿ ಒಟ್ಟಿಗೆ ಹೊರತಂದಿತು. ಸುಮಾರು ಐವತ್ತು ವರ್ಷ ಆದಮೇಲೆ, ಪ್ಯಾರಿಸ್‌ನವರಿಗೆ 1968ರಲ್ಲಿ ಸಿಕ್ಕ ಅನುಕೂಲ ಬೇರೆ ಊರಿನ ಪ್ರೇಕ್ಷಕರಿಗೂ ಅಷ್ಟಿಷ್ಟು ಸಿಕ್ಕಿತು. ಈಗ ಬಂಡೆಯ ಮೇಲಿನ ಮುಖ ಕಾಣುತ್ತೆ.

ಹಾಗಾದರೆ ಈಗ ಎಲ್ಲರೂ ಒಪ್ಪಿದರಾ? ಇಲ್ಲ. ಕಂಡಮೇಲೂ ಅದೇಕೆ ಹಾಗೆ ಅನ್ನುವವರು ಇದ್ದಾರೆ, ಇರಲಿ. ಆ ಜಗಳ ಈಗ ನ್ಯಾಯವಾದ ಜಗಳ. ನೋಡಿದ್ದರ ಬಗ್ಗೆ ಜಗಳವೇ ಹೊರತು, ಕಾಣದೇ ಹೋದದ್ದರ ಬಗ್ಗೆ ಅಲ್ಲ.

ಎರಡು ಚಿತ್ರ ಒಟ್ಟಿಗೆ ಇರುವುದರಿಂದ ಇನ್ನೊಂದು ಲಾಭ ಇದೆ. ಅದೇ ನಿರ್ದೇಶಕ, ಅದೇ ಛಾಯಾಗ್ರಾಹಕ, ಅದೇ ಊರು, ಅಷ್ಟೇ ದುಡ್ಡು. 'ರೈಡ್ ಇನ್ ದ ವರ್ಲ್‌ವಿಂಡ್' ಕಥೆ ಸರಳ. ಮೂವರು ದನ ಕಾಯುವ ಆಳುಗಳು ಗೊತ್ತಿಲ್ಲದೆ ದರೋಡೆಕೋರರ ಗುಡಿಸಲಲ್ಲಿ ಒಂದು ರಾತ್ರಿ ತಂಗ್ತಾರೆ. ಬೆನ್ನಟ್ಟಿ ಬಂದ ಊರಿನವರು ಇವರೂ ಅದೇ ಗುಂಪಿನವರು ಅಂತ ತಿಳಿದುಬಿಡ್ತಾರೆ. ಓಡಬೇಕು, ಇಲ್ಲದಿದ್ದರೆ ನೇಣು. ತಪ್ಪಿಸಿಕೊಳ್ಳುವುದಕ್ಕೆ ಹೋಗಿ ತಪ್ಪಿತಸ್ಥರೇ ಆಗ್ತಾರೆ. ಎಲ್ಲಾ ಅರ್ಥವಾಗುತ್ತೆ, ಎಲ್ಲರಿಗೂ ಅಷ್ಟೋ ಇಷ್ಟೋ ಹಿಡಿಸುತ್ತೆ. ಕತೆಯ ಕಟ್ಟು ನೋಡಿದರೆ ಅದೇ ಹೆಚ್ಚು ಅಚ್ಚುಕಟ್ಟು. ಆದರೂ ಜನ ಹೆಚ್ಚು ಮಾತಾಡುವುದು 'ಶೂಟಿಂಗ್' ಬಗ್ಗೆ. ಬಜೆಟ್ಟು ಒಂದೇ ಆದ್ದರಿಂದ ಇಲ್ಲಿ ಬಡತನದ ನೆಪ ಹೇಳುವ ಹಾಗಿಲ್ಲ. ಒಂದು ಒಪ್ಪಿಗೆಯಾಗಿ ಮರೆಯಿತು, ಇನ್ನೊಂದು ಜಗಳವಾಗಿ ಉಳಿಯಿತು.

ನನ್ನ ಅಭಿಪ್ರಾಯ ಕೇಳಿದರೆ, 'ದಿ ಶೂಟಿಂಗ್' ದೋಷವಿಲ್ಲದ ಚಿತ್ರವಲ್ಲ. ಹೆಂಗಸಿನ ಕಿರಿಕಿರಿ ಕೆಲವು ಕಡೆ ಒಂದೇ ಸ್ವರದಲ್ಲಿ ಎಳೆಯುತ್ತೆ. ಹಿನ್ನೆಲೆ ಸಂಗೀತ ಕೆಲವು ಕಡೆ ಅನಗತ್ಯವಾಗಿ ಹೆದರಿಸೋಕೆ ಬರುತ್ತೆ. ಆದರೆ ಹೊಗಳುವವರೂ ತೆಗಳುವವರೂ ಕ್ಲೈಮ್ಯಾಕ್ಸ್‌ನ ಒಗಟಿಗೇ ಜೋತುಬಿದ್ದು ಕೋಲಿಯನ್ನು ಮರೆತುಬಿಡ್ತಾರೆ ಅನ್ನೋದು ನನ್ನ ಬೇಸರ. ಆ ಪಯಣದಲ್ಲಿ ಯಾರ ಮೇಲೂ ಹಗೆ ಇಲ್ಲದವನು ಅವನೊಬ್ಬನೇ. ಬಿಟ್ಟುಹೋದವರನ್ನು ಹುಡುಕಿಕೊಂಡು ವಾಪಸು ಬರುವವನೂ ಅವನೇ, ಅದಕ್ಕೇ ಸಾಯುವವನೂ ಅವನೇ. ಗ್ಯಾಷೇಡ್ ಅವನನ್ನು ಮಣ್ಣು ಮಾಡುವ ದೃಶ್ಯದಲ್ಲಿ ಒಗಟೇನೂ ಇಲ್ಲ. ಯಾರಿಗೂ ಯಾವ ಹಣೆಪಟ್ಟಿಯೂ ಬೇಡ. ಒಬ್ಬರ ಸೇಡಿನ ದಾರಿಯಲ್ಲಿ ಸಂಬಂಧವೇ ಇಲ್ಲದವನು ಸಾಯ್ತಾನೆ ಅನ್ನೋದು ಯಾವ ಭಾಷೆಯವರಿಗೂ ಅರ್ಥವಾಗುತ್ತೆ.

ಹೆಲ್ಮನ್ ಆಮೇಲೆ 1971ರಲ್ಲಿ 'ಟೂ ಲೇನ್ ಬ್ಲಾಕ್‌ಟಾಪ್' ಮಾಡಿದರು. 1992ರಲ್ಲಿ ಕ್ವೆಂಟಿನ್ ಟ್ಯಾರಂಟಿನೊನ ಮೊದಲ ದೊಡ್ಡ ಚಿತ್ರ 'ರಿಸರ್ವಾಯರ್ ಡಾಗ್ಸ್'ಗೆ ಕಾರ್ಯನಿರ್ವಾಹಕ ನಿರ್ಮಾಪಕರಾಗಿ ಬೆನ್ನಿಗೆ ನಿಂತರು. 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಅವಳಿ ಚಿತ್ರಗಳಿಗೆ ಒಂದು ಗೌರವದ ಜಾಗ ಸಿಕ್ಕಿತ್ತು. ಅದೊಂದು ಸಮಾಧಾನ.

ಸಣ್ಣ ಚಿತ್ರಗಳ ಬಗ್ಗೆ 'ಜನ ತಿರಸ್ಕರಿಸಿದರು' ಅಂತ ಬರೆಯುವುದನ್ನು ನಾವು ಎಷ್ಟೋ ಕಡೆ ಓದ್ತೀವಿ. ಹಾಗೆ ಬರೆಯುವ ಮುಂಚೆ ಜನಕ್ಕೆ ಅದನ್ನು ತೋರಿಸಿದರಾ, ತೋರಿಸಿದ್ದರೆ ಹೇಗೆ ತೋರಿಸಿದರು ಅಂತ ಒಂದು ಸಲ ಕೇಳಬೇಕು. ತೋರಿಸದೇ ಇದ್ದ ಸಿನಿಮಾವನ್ನು ಜನ ತಿರಸ್ಕರಿಸೋಕೆ ಆಗಲ್ಲ.

ಈ ಚಿತ್ರ ಎಲ್ಲಾದರೂ ಸಿಕ್ಕರೆ ಒಳ್ಳೆಯ ಪ್ರಿಂಟಿನಲ್ಲೇ ನೋಡಿ. ರಾತ್ರಿ, ದೀಪ ಆರಿಸಿ, ಫೋನು ದೂರ ಇಟ್ಟು. ಕೊನೆಯ ಎರಡು ನಿಮಿಷ ಮಾತ್ರ ದಯವಿಟ್ಟು ಕಣ್ಣು ಪಕ್ಕಕ್ಕೆ ಹೊರಳಿಸಬೇಡಿ. ಆಮೇಲೆ ಮೂರರಲ್ಲಿ ಯಾವ ಗುಂಪಿಗೆ ಸೇರ್ತೀರೋ ನಿಮ್ಮ ಇಷ್ಟ.